ಕೂಡಿಸಿ ಕೊಟ್ಟ ಡಿಸ್ಕಿನ ಗೋಳು

ಸಿಂಧನೂರಿನ್ಯಾಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವಗ ಬಿ.ಪಿ. ಬರಾಕ ಉಪ್ಪು ತಿನ್ನಬೇಕಂತಿಲ್ಲ, ಗಿರಾಕಿ ಬಂದ್ರ ಸಾಕು. ಮಷೀನ್ ಕೆಟ್ಟಿದ್ದಕ್ಕ ನನಗ ಎಂದೂ ಸಿಟ್ಟು ಬಂದಿಲ್ಲ. ಅದನ್ನ ಹೊತ್ಕೊಂಡು ಬಂದವರು ಬಾಯಿ ತೆಗೆದ್ರಂದ್ರ ನೆತ್ತಿಗೇರತೈತಿ. ಎರಡು ಎಸ್‌ಎಸ್‌ಡಿ, ಅಂದ್ರ ಫೋಟೊ ವಿಡಿಯೊ ಇಡೋ ಡಿಸ್ಕ್, ಕೂಡಿಸಬೇಕೋ ಬ್ಯಾಡೋ ಅನ್ನೋ ಒಂದು ಮಾತಿಗೆ ನಾ ಎಷ್ಟು ಬಾಯಿ ಹರ್ಕೊಂಡೀನಿ, ಕೇಳ್ರಿ.

೧. ಸಾವ್ಕಾರನ ಕನ್ನಡಿ

ಲಿಂಗಸುಗೂರಿನ ಗೊಬ್ಬರದಂಗಡಿ ಸಾವ್ಕಾರನ ಕಂಪ್ಯೂಟರಿಗೆ ಎರಡು ಎಸ್‌ಎಸ್‌ಡಿ ಕೂಡಿಸಿ ಕೊಟ್ಟಿದ್ದೆ. ಇದಕ್ಕ ರೇಡ್ ಅಂತಾರ. ಸಾವ್ಕಾರಗ ಹಾಕಿದ್ದು ಕನ್ನಡಿ ನಮೂನಿ. ಒಂದರಾಗ ಬಂದದ್ದೆಲ್ಲಾ ಇನ್ನೊಂದರಾಗೂ ಬರತೈತಿ, ಒಂದು ಡಿಸ್ಕ್ ಸತ್ರ ಇನ್ನೊಂದು ಉಳೀತೈತಿ.

ಒಂದಿನ ಬುಸುಗುಡಕೋತ ಬಂದ.

"ಏನ್ ಮಾಡಿಟ್ಟೀಯೋ ನೀ? ಜಾಗ ಸಾಲವಲ್ದಂತ ಮೊಮ್ಮಗನ ತೊಟ್ಟಿಲ ಫೋಟೊ ಒಂದರಾಗ ಅಳಿಸಿದೆ. ಇನ್ನೊಂದರಾಗೂ ಹೋಗ್ಯಾವ!"

"ಅಳಿಸಿದ್ರ ಎರಡರಾಗೂ ಹೋಗತಾವ್ರಿ. ಡಿಸ್ಕ್ ಕೆಟ್ರ ಅದು ಕಾಯ್ತೈತಿ, ನಿಮ್ಮ ಕೈ ಕೆಟ್ರ ಕಾಯಂಗಿಲ್ಲ. ಬ್ಯಾರೆ ಒಂದು ಕಾಪಿ ಇಡ್ರಿ ಅಂತ ಬಡ್ಕೊಂಡಿದ್ದೆ."

"ಮತ್ತ ಕನ್ನಡಿ ಅಂದಿದ್ದಿ?"

"ಹೌದ್ರಿ, ಕನ್ನಡಿನೇ. ಅದರ ಮುಂದ ನಿಂತು ನೀವು ಮೀಸಿ ಬೋಳಿಸ್ಕೊಂಡ್ರ ಕನ್ನಡ್ಯಾಗ ಮೀಸಿ ಉಳೀತೈತೇನ್ರಿ?"

ಸಾವ್ಕಾರ ಒಮ್ಮೆ ಮೀಸಿ ಮುಟ್ಟಿ ನೋಡ್ಕೊಂಡು ಹೋದ.

೨. ಸುಮ್ನ ಕುಂತು ಉಣ್ಣಾವ

ಹೋದವ ತೆಪ್ಪಗಿರಬೇಕಲ್ಲ? ಕನ್ನಡಿ ನಮೂನಿ ಬರೇ ಮೋಸ ಅಂತ ಕಂಡಕಂಡವರ ಮುಂದ ಡಂಗುರ ಹೊಡದ. ಅದನ್ನ ಕೇಳಿ ಮಸ್ಕಿಯ ಅಣ್ಣತಮ್ಮ ಇಬ್ಬರು ಬಂದ್ರು. ಮದವಿ ವಿಡಿಯೊ ತೆಗಿಯೋ ಸ್ಟುಡಿಯೊ ಅವರದು. ಕೈಯಾಗ ಎರಡು ಹೊಸ ಎಸ್‌ಎಸ್‌ಡಿ.

"ಇನ್ನೊಂದು ನಮೂನಿ ಐತಂತಲ್ರಿ, ಅದನ್ನ ಹಾಕ್ರಿ," ಅಂದ ಅಣ್ಣ.

ಆ ನಮೂನಿಯೊಳಗ ಒಂದೇ ವಿಡಿಯೊ ತುಂಡು ತುಂಡಾಗಿ ಅರ್ಧ ಇದರಾಗ, ಅರ್ಧ ಅದರಾಗ ಕುಂದರತೈತಿ. ಓಟ ಜೋರು, ಎರಡರ ಜಾಗಾನೂ ಸಿಗತೈತಿ. ಆದ್ರ ಒಂದು ಹೋತಂದ್ರ ಎರಡೂ ಹೋದಂಗ. ಎಸ್‌ಎಸ್‌ಡಿ ಅಂದ್ರ ಒಂದೊಂದೇ ಸಾಕಷ್ಟು ಓಡತೈತಿ, ಮಂದಿ ಮದವಿ ಇಡೋ ಜಾಗ ಇದು, ಕೂಡಿಸೋದಾದ್ರ ಕನ್ನಡಿ ಹಾಕಸ್ರಿ, ಇಲ್ಲಾಂದ್ರ ಬಿಡ್ರಿ ಅಂದೆ. ಗಂಟಲು ಒಣಗೋತನಕ ಹೇಳಿದೆ.

ಅಣ್ಣ ಕೇಳಿದ, "ಕನ್ನಡ್ಯಾಗ ಆ ಎರಡನೇದು ಏನ್ ಮಾಡತೈತ್ರಿ?"

"ಮೊದಲನೇದು ಮಾಡಿದ್ದನ್ನೇ ಮಾಡ್ಕೋತ ಇರತೈತಿ."

"ಅಂದ್ರ ಸುಮ್ನ ಕುಂತು ಉಣ್ಣಾದು. ಬ್ಯಾಡ್ರಿ. ಅಂಥಾವ ನಮ್ಮನ್ಯಾಗ ಒಬ್ಬ ಅದಾನ," ಅಂದು ತಮ್ಮನ ಮಾರಿ ನೋಡಿದ.

೩. ಸಿಗಲಾರದ ಮಾಲು

ಕಡೀಕ ಅವರು ಕೇಳಿದ ನಮೂನೀನೇ ಕೂಡಿಸಿ ಕೊಟ್ಟೆ. ಅದರ ಮ್ಯಾಲ ನನ್ನ ನಾದಾನತನ ನೋಡ್ರಿ. ತುರ್ವಿಹಾಳದಾಗ ನನ್ನ ಹೆಂಡತಿ ತಂಗಿ ಮದವಿ ಆತು, ವಿಡಿಯೊಕ್ಕ ಇವರನ್ನೇ ಕರಿಸಿದೆ. ನಮ್ಮತ್ತಿಗೆ ಮೊಣಕಾಲು ನೋವು, ಕುರ್ಚ್ಯಾಗ ಕುಂತಿದ್ಳು. ತಾಳಿ ಕಟ್ಟೋ ಹೊತ್ತಿಗೆ ಮುಂದಿನ ಮಂದಿ ಅಷ್ಟೂ ಎದ್ದು ನಿಂತ್ರು. ಹೆತ್ತ ಮಗಳ ಕೊರಳಿಗೆ ತಾಳಿ ಬಿದ್ದದ್ದು ಆಕೀಗೆ ಕಾಣಲೇ ಇಲ್ಲ. "ಹೋಗ್ಲಿ ಬಿಡ್ರಿ, ವಿಡಿಯೊದಾಗ ನೋಡ್ತೀನಿ," ಅಂತ ಕಣ್ಣೊರೆಸಿಕೊಂಡ್ಳು. ಅವತ್ತಿಂದ ಆಕೀದು ಒಂದೇ ಮಾತು, "ವಿಡಿಯೊ ಬಂತೇನ್ರಿ ಅಳಿಯಂದ್ರ?"

ನಾ ಸ್ಟುಡಿಯೊದ ತಮ್ಮಗ ಫೋನ್ ಹಚ್ಚಿದೆ. "ಮದವೀದು ಕಾಪಿ ತಗದಿಟ್ಟೀರಿಲ್ಲೋ?"

"ಇಲ್ರಿ. ಕ್ಯಾಮೆರಾದ ಕಾರ್ಡ್ ಅಳಿಸಿ ಮುಂದಿನ ಮದವಿಗೆ ಒಯ್ದೇವಿ. ಎಲ್ಲಾ ನೀವು ಕೂಡಿಸಿದ್ದರಾಗೇ ಐತಿ."

"ಕಾಪಿ ಇಡಾಕ ಅಂತ ಬ್ಯಾರೆ ಹಾರ್ಡ್‌ಡಿಸ್ಕ್ ಕೊಟ್ಟಿದ್ನಲ್ಲಲೇ?"

"ಅದು ತುಂಬೈತ್ರಿ. ಪಿಕ್ಚರ್ ಹಾಕ್ಕೊಂಡೇವಿ."

"ಪಿಕ್ಚರ್ ಅಳಸ್ರಲೇ!"

"ಅದ್ಹೆಂಗ್ರಿ? ಅವು ಮತ್ತೆಲ್ಲಿ ಸಿಗತಾವ?"

೪. ಸಮಪಾಲು

ಮುಂದ ಕೆಲವೇ ದಿನಕ್ಕ ಅಣ್ಣತಮ್ಮ ಬ್ಯಾರೆ ಆದ್ರು. ಜಗಳ ಯಾಕ ಹತ್ತಿತು ಅಂತ ಇಬ್ಬರೂ ಬಾಯಿ ಬಿಡಲಿಲ್ಲ. ಅವರ ಸ್ವಾದರಮಾವ ಹಿರೇತನ ಮಾಡಿ, ಹೊಲ ಹಂಚಿದಂಗ ಸ್ಟುಡಿಯೊ ಹಂಚ್ಯಾನ. ಇಬ್ಬರಿಗೂ ಒಂದೊಂದು ಕ್ಯಾಮೆರಾ, ಒಂದೊಂದು ಲೈಟು. ಕಂಪ್ಯೂಟರ್ ಡಬ್ಬಿ ಅಣ್ಣಗ, ಪರದೆ ತಮ್ಮಗ. ಅಷ್ಟಕ್ಕ ಬಿಟ್ಟಿದ್ರ ಪುಣ್ಯ ಬರ್ತಿತ್ತು. ಡಬ್ಬಿ ಬಿಚ್ಚಿಸಿ ಒಳಗಿನ ಎರಡು ಎಸ್‌ಎಸ್‌ಡಿನೂ ಒಂದೊಂದು ಕೊಟ್ಟಾನ!

ಮೂವರೂ ಡಬ್ಬಿ, ಡಿಸ್ಕ್ ಹೊತ್ಕೊಂಡು ನನ್ನ ಅಂಗಡಿಗೆ ಬಂದ್ರು. ಅಣ್ಣ ಆ ತುದಿ, ತಮ್ಮ ಈ ತುದಿ, ನಡುವ ಮಾವ.

"ನನ್ನ ಪಾಲಿನ್ಯಾಗ ಏನೂ ಕಾಣವಲ್ದು, ನೀವು ಖೊಟ್ಟಿ ಮಾಲು ಹಾಕೀರಿ," ಅಂದ ಅಣ್ಣ.

"ನನ್ನದು ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳಾಕತ್ತೈತ್ರಿ. ನಿಮ್ಮನ್ನ ಒಂದು ಮಾತು ಕೇಳಿ ಹೂಂ ಅನ್ನೋಣಂತ ಬಂದೀನಿ," ಅಂದ ತಮ್ಮ.

ನಾ ಟೇಬಲ್ ಗುದ್ದಿದೆ. "ಅದನ್ನ ಒತ್ತಿದ್ರ ಬೆರಳು ಮುರೀತೀನಿ ನೋಡ್! ಒಂದೊಂದು ವಿಡಿಯೊನೂ ಅರ್ಧ ಅವನ ಹಂತ್ಯಾಕ, ಅರ್ಧ ನಿನ್ನ ಹಂತ್ಯಾಕ ಐತಿ. ಎರಡೂ ಒಂದೇ ಡಬ್ಯಾಗ ಕುಂತ್ರ ಮಾತ್ರ ಕಾಣತಾವ. ತರ್ರಿ ಇಲ್ಲಿ!"

"ಸತ್ರೂ ಅವನ ಬಾಜೂಕ ನನ್ನ ಡಿಸ್ಕ್ ಕುಂದರಂಗಿಲ್ಲ," ಅಂದ್ರು ಇಬ್ಬರೂ.

ಮಾವ ಗಂಟಲು ಸರಿ ಮಾಡ್ಕೊಂಡ. "ನೀ ಯಾಕ ಒದರ್ತಿ? ಸರಳ ಐತಿ. ಮದವ್ಯಾಗ ಗಂಡಿನ ಕಡೆಯವರದಷ್ಟು ಅಣ್ಣಗ ತಗದು ಕೊಡು, ಹೆಣ್ಣಿನ ಕಡೆಯವರದಷ್ಟು ತಮ್ಮಗ ಕೊಡು."

೫. ತಾಳಿ ಕಟ್ಟೋ ಹೊತ್ತು

ಇವರು ಇನ್ನೂ ಕಚ್ಚಾಡಾಕತ್ತಿದ್ರು, ಅಷ್ಟರಾಗ ಸುದ್ದಿ ಕೇಳಿ ನಮ್ಮತ್ತಿ ತುರ್ವಿಹಾಳದಿಂದ ಬಸ್ ಹತ್ತಿ ಬಂದೇ ಬಿಟ್ಳು. ಕುಂಟಕೋತ ಬಂದು ಬಾಗಿಲದಾಗ ನಿಂತು, "ನನ್ನ ಮಗಳ ಮದವಿ ಅದು, ನಿಮ್ಮಪ್ಪನ ಹೊಲ ಅಲ್ಲ. ಇಡ್ರಿ ಇಲ್ಲೆ!" ಅಂದ್ಳು. ಇಬ್ಬರೂ ಡಿಸ್ಕ್ ಟೇಬಲ್ ಮ್ಯಾಲಿಟ್ರು. ಮಾವನೂ ಎದ್ದು ಕುರ್ಚಿ ಬಿಟ್ಟ.

ಎರಡೂ ಅದೇ ಡಬ್ಯಾಗ ಕುಂದರ್ಸಿ ಚಾಲೂ ಮಾಡಿದೆ. ಎಲ್ಲಾ ಬಂತು! ಅರಿಷಿಣ ಬಂತು, ಸುರಗಿ ಬಂತು, ಅಕ್ಕಿಕಾಳು ಹಿಡಕೊಂಡ ಮಂದಿ ಬಂತು. ನಮ್ಮತ್ತಿ ಸೆರಗಿನಿಂದ ಚಸ್ಮಾ ಒರೆಸಿ ಮುಂದಕ್ಕ ಬಗ್ಗಿದ್ಳು.

ಬಾಜಾ ಜೋರಾತು. ಅಣ್ಣನ ಕ್ಯಾಮೆರಾ ಗಪ್ಪನೆ ತಿರುಗಿ ತಮ್ಮನ ಮಾರಿ ತೋರಿಸ್ತು. "ಅಡ್ಡ ನಿಂತೀಯಲ್ಲಲೇ, ಸರಿ!" ಅಂತ ಆ ಮಾರಿ ಒದರ್ತಿತ್ತು. ತಮ್ಮನ ಕ್ಯಾಮೆರಾದ್ದು ಹಾಕಿದೆ. ಅದರಾಗ ಅಣ್ಣನ ಮಾರಿ, ಮ್ಯಾಲ ಎತ್ತಿದ ಕೈ. "ನೀ ಸರಿಯಲೇ, ನಾ ಮೊದಲು ನಿಂತೀನಿ!" ಬಾಜಾ ಸಪ್ಪಳಕ್ಕ ಛತ್ರದಾಗ ಯಾರಿಗೂ ಕೇಳಿಸಿರಲಿಲ್ಲ, ಮೈಕಿನ್ಯಾಗ ಬೈಗುಳ ಒಂದೂ ಬಿಡದಂಗ ಬಂದಿದ್ವು. ಇಬ್ಬರೂ ಮತ್ತ ಮಂಟಪದ ಕಡೆ ತಿರುಗೋದ್ರಾಗ ಮಗಳ ಕೊರಳಾಗ ತಾಳಿ ಇತ್ತು. ಕಟ್ಟಿದ್ದು ಯಾವ ಕ್ಯಾಮೆರಾದಾಗೂ ಇಲ್ಲ.

"ತಾಳಿ ಕಟ್ಟಿದ್ದು ಎಲ್ಲೈತ್ರಿ ಅಳಿಯಂದ್ರ?" ಅಂದ್ಳು ನಮ್ಮತ್ತಿ. ಆ ಇಬ್ಬರನ್ನೂ ಕೊರಳಪಟ್ಟಿ ಹಿಡದು ಕಾಲುವಿಗೆ ನೂಕಬೇಕನ್ನಷ್ಟು ಸಿಟ್ಟು ಬಂತು.

ಅವರು ಮಾತ್ರ ಹಬ್ಬ ಬಂದಂಗ ಕುಣ್ಯಾಕತ್ತಿದ್ರು. "ನೋಡು ಮಾವ, ಮೊದಲು ಬೈದವ ಅವನೇ! ಸಾಕ್ಷಿ ಸಿಕ್ತು!" ಅಂದ ಅಣ್ಣ. "ಅಲ್ಲಲ್ಲ, ಕೈ ಎತ್ತಿದವ ಯಾರು ನೋಡು!" ಅಂದ ತಮ್ಮ. "ಇದಿಷ್ಟು ಕಾಪಿ ಮಾಡಿ ಕೊಡ್ರಿ," ಅಂತ ಇಬ್ಬರೂ ಕಿಸೆದಾಗ ಕೈ ಹಾಕಿ ಪೆನ್‌ಡ್ರೈವ್ ತಗದ್ರು. ಒಬ್ಬೊಬ್ಬರದು ಎರಡೆರಡು.

"ಎರಡ್ಯಾಕಲೇ?" ಅಂತ ಹಲ್ಲು ಕಡದೆ.

"ಒಂದು ಕೆಟ್ಟಗಿಟ್ಟೀತು ಅಂತ್ರಿ," ಅಂದ ಅಣ್ಣ. "ಇಂಥಾದ್ದು ಮತ್ತೊಮ್ಮೆ ತೆಗಿಯಾಕ ಬರತೈತೇನ್ರಿ?"