ರತ್ನಾ ಆಂಟಿಯ ಕಲ್ಲು, ನನ್ನ ಚೌಕಾಶಿ

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ನನಗೂ ಬಾಯಿದೆ, ಆದರೆ ಬೆಲೆ ಕಿವಿಗೆ ಬಿದ್ದ ತಕ್ಷಣ ಅದು ಮುಚ್ಚಿಕೊಂಡು ಕೈ ಜೇಬಿಗೆ ಹೋಗುತ್ತದೆ. ಮೈಸೂರಿನಲ್ಲಿದ್ದಾಗ ಸೊಪ್ಪಿನವಳೇ ನನ್ನನ್ನು ಕಂಡು ಮರುಗಿ ಒಂದು ಕಟ್ಟು ಕೊಸರು ಹಾಕುತ್ತಿದ್ದಳು. ಟೆಕ್ಸಾಸಿಗೆ ಬಂದ ಮೇಲೆ ಈ ದೌರ್ಬಲ್ಯ ಯಾರಿಗೂ ಗೊತ್ತಾಗದೆ ಸುಖವಾಗಿದ್ದೆ. ಇಲ್ಲಿ ಎಲ್ಲದಕ್ಕೂ ಬೆಲೆಯ ಚೀಟಿ ಅಂಟಿಸಿರುತ್ತಾರೆ.

ಹೀಗಿರುವಾಗ ನನ್ನ ಹೆಂಡತಿ ಸುಧಾ, ರಜಕ್ಕೆ ಬಾಲಿಗೆ ಹೋಗೋಣ ಎಂದಳು. ನಾವಿರುವ ಫ್ರಿಸ್ಕೋ ಊರಿನಲ್ಲಿ ನಮ್ಮ ಪಕ್ಕದ ಮನೆಯವರು ಬಾಲಿಯ ದೇಶವಾದ ಇಂಡೋನೇಷ್ಯಾದ ರತ್ನಾ ಆಂಟಿ. ಹೆಸರು ಕೇಳಿ ಮಂಡ್ಯದವರಿರಬೇಕೆಂದು ಮೊದಲ ದಿನವೇ ಕನ್ನಡದಲ್ಲಿ ಮಾತಾಡಿಸಿ ಪೆಚ್ಚಾಗಿದ್ದೆ. ಅವರು ಸಂಜೆಗಳಲ್ಲಿ ಚಹಾ ಕೊಟ್ಟು ನಮಗೆ ತಮ್ಮ ಸಂತೆಯ ಮಾತು ಕಲಿಸಿದರು. ‘ಬೆರಾಪಾ’ ಅಂದರೆ ಎಷ್ಟು, ‘ಮಹಾಲ್’ ಅಂದರೆ ದುಬಾರಿ, ‘ಬೋಲೆ ಕುರಾಂಗ್’ ಅಂದರೆ ಸ್ವಲ್ಪ ಕಡಿಮೆ ಮಾಡ್ತೀರಾ. ಅಷ್ಟರಲ್ಲಿ ಆಂಟಿಯೇ ಹ್ಯೂಸ್ಟನ್ನಿನ ಮಗಳ ಮನೆಗೆ ಶಿಫ್ಟ್ ಆಗುವುದೆಂದಾಯಿತು. ಸಾಮಾನನ್ನೆಲ್ಲ ಗ್ಯಾರೇಜಿನಲ್ಲಿ ಹರಡಿ ಮಾರಾಟಕ್ಕಿಟ್ಟರು.

ಸಾಂಬಾಲ್ ಎಂಬ ಖಾರದ ಚಟ್ನಿಯನ್ನು ಅವರು ಅರೆಯುತ್ತಿದ್ದ ಕಲ್ಲಿನ ಮೇಲೆ ನನ್ನ ಕಣ್ಣಿತ್ತು. “ಬೆರಾಪಾ?” ಎಂದೆ. ಅವರು ಮುಖ ಬಿಗಿದುಕೊಂಡು ಭಾರೀ ಬೆಲೆ ಹೇಳಿದರು. ಮನೆ ಬಿಟ್ಟು ಹೋಗುತ್ತಿರುವ ಹಿರಿಯರ ಹತ್ತಿರ ಚೌಕಾಶಿಯೇ? ಬೇಕಾದವರ ಹತ್ತಿರ ನಾವು ಬೆಲೆಯ ಮಾತೆತ್ತುವುದಿಲ್ಲ. ದೊಡ್ಡ ಮನಸ್ಸು ಮಾಡಿ ಕೇಳಿದಷ್ಟನ್ನೂ ಕೊಟ್ಟೆ. ಆಂಟಿಯ ಮುಖ ಇಳಿದುಹೋಯಿತು. “ಗುರುತಿಲ್ಲದವರ ಹಾಗೆ ದುಡ್ಡು ಕೊಟ್ಟು ಹೊರಟುಬಿಟ್ಟೆಯಲ್ಲ” ಎಂದು ಇಂಗ್ಲಿಷಿನಲ್ಲಿ ನೊಂದುಕೊಂಡರು. ನಮ್ಮೊಡನೆ ಕೊನೆಯದಾಗಿ ಒಂದಿಷ್ಟು ಎಳೆದಾಡಲೆಂದೇ ಅಷ್ಟು ಬೆಲೆ ಹೇಳಿದ್ದರಂತೆ. ಅವರಿಗೆ ಚೌಕಾಶಿಯೆಂದರೆ ಹರಟೆ. ನನಗೆ ನಿಜಕ್ಕೂ ಸಂಕಟವಾಯಿತು.

“ನೀವು ಸರೀರಿ ಅತ್ಲಾಗೆ” ಎಂದು ಸುಧಾ ಮುಂದೆ ಬಂದು, ಕೊಟ್ಟ ದುಡ್ಡನ್ನು ಆಂಟಿಯ ಕೈಯಿಂದ ವಾಪಸ್ ತೆಗೆದುಕೊಂಡಳು. “ಮಹಾಲ್!” ಎಂದು ಹಣೆ ಚಚ್ಚಿಕೊಂಡಳು. ಆಂಟಿಯ ಕಣ್ಣು ಅರಳಿತು. ಇವಳು ಹೊರಟಂತೆ ಮಾಡುವುದು, ಅವರು ಕೂಗಿ ಕರೆಯುವುದು. ಕೊನೆಗೆ ಕಲ್ಲು ಅರ್ಧ ಬೆಲೆಗೆ ಬಂತು; ಕೊಸರಾಗಿ ಒಂದು ಕುಂಡ ನಿಂಬೆಹುಲ್ಲೂ ಬಂತು. ಆಮೇಲೆ ಇಬ್ಬರೂ ತಬ್ಬಿಕೊಂಡು ಅತ್ತರು. ನಾನು ಕಲ್ಲು ಹೊತ್ತೆ.

ಬಾಲಿ ಪ್ರವಾಸ ಇನ್ನೂ ಆಗಿಲ್ಲ. ಆಂಟಿಯಿಲ್ಲದ ಸಂಜೆಗಳು ಬಿಕೋ ಎನ್ನುತ್ತವೆ. ಮೊನ್ನೆ ಫೋನ್ ಮಾಡಿ, ಯಾವಾಗ ಬರುತ್ತೀರಿ ಎಂದೆ. ನವೆಂಬರ್ ಕೊನೆಗೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಎಂದರು. ಎದೆ ಗಟ್ಟಿಮಾಡಿಕೊಂಡು, “ಮಹಾಲ್! ಬೋಲೆ ಕುರಾಂಗ್?” ಎಂದೆ. ಅವರು ಜೋರಾಗಿ ನಕ್ಕು, ಹಾಗಾದರೆ ಒಂದು ತಿಂಗಳು ಮೊದಲೇ, ಹ್ಯಾಲೋವೀನ್‌ಗೇ ಬರುತ್ತೇನೆ ಎಂದರು. ಜೀವನದಲ್ಲಿ ಮೊದಲ ಸಲ ಗೆದ್ದೆನೆಂದು ಬೀಗುತ್ತಾ ಫೋನಿಟ್ಟೆ. ಅದೇ ಕಲ್ಲಿನಲ್ಲಿ ಚಟ್ನಿ ಅರೆಯುತ್ತಿದ್ದ ಸುಧಾ ತಲೆಯೆತ್ತದೆ ಹೇಳಿದಳು: “ಅಷ್ಟಕ್ಕೇ ಒಪ್ಕೊಂಡ್ಬಿಟ್ರಾ? ಇನ್ನೂ ಇಳಿಸ್ಬೋದಿತ್ತಲ್ರೀ!”