ನಲವತ್ತೈದು ಸೆಂಟಿಮೀಟರ್ ಮಲ್ಲಿಗೆ

ಸಿಟ್ಟು ಬಂದರೆ ಷಡಕ್ಷರಿ ಮೇಷ್ಟರಿಗೆ ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಮೂಗು. ಅಂದು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಒಂದು ಮೊಳ ಮಲ್ಲಿಗೆಯನ್ನು ಮನೆಗೆ ತಂದು ಅಳೆದಾಗ ಎರಡೂ ಒಟ್ಟಿಗೇ ಕೆಂಪಾದವು. ಇದ್ದದ್ದು ಮೂವತ್ತೆಂಟೇ ಸೆಂಟಿಮೀಟರ್.

"ಮೆಟ್ರಿಕ್ ಪದ್ಧತಿ ಬಂದು ಮೂವತ್ತು ವರ್ಷವಾಯಿತು. ಈ ಊರಲ್ಲಿ ಇನ್ನೂ ಮೊಣಕೈಯದೇ ರಾಜ್ಯಭಾರ," ಎಂದು ಗುಡುಗಿದರು.

"ಸಂಜೆ ಮಗಳ ಸೀಮಂತ. ರಾಜ್ಯಭಾರ ನಾಳೆ ನೋಡ್ಕೊಳ್ಳಿ," ಎಂದರು ಹೆಂಡತಿ ಯಶೋದ. "ನಮ್ಮ ಪುಟ್ಟಬಸಮ್ಮನ ಹತ್ರ ಎಂಟು ಮೊಳ ತನ್ನಿ. ಒಂಬತ್ತು ಜನ ಮುತ್ತೈದೇರು ಬರ್ತಾರೆ."

"ಒಂಬತ್ತು ಜನಕ್ಕೆ ಎಂಟು ಮೊಳವೆ? ಇದ್ಯಾವ ಗಣಿತ?"

"ಅದು ನನ್ನ ಗಣಿತ. ಹೇಳಿದಷ್ಟು ತನ್ನಿ."

ಮೇಷ್ಟರು ಶಾಲೆಯ ಮರದ ಮೀಟರ್ ಸ್ಕೇಲನ್ನು ಹೆಗಲಿಗೇರಿಸಿ (ಗದಾಧಾರಿ ಭೀಮನೂ ನಾಚಬೇಕು) ಮಾರುಕಟ್ಟೆಗೆ ನಡೆದರು. ಪುಟ್ಟಬಸಮ್ಮ ಆರಡಿ ಎತ್ತರದ ಹೆಂಗಸು. ಅವಳು ಹೂವು ಅಳೆಯಲು ಕೈ ಚಾಚಿದ್ದೇ ತಡ, ನಡುವೆ ಸ್ಕೇಲು ಬಂತು.

"ನಲವತ್ತೈದಕ್ಕೆ ಸರಿಯಾಗಿ ಕತ್ತರಿಸು. ಎಂಟು ತುಂಡು. ಮೊಳಕ್ಕೆ ಒಂದೆಳೆ ಕಮ್ಮಿ ಮಾರಿದರೂ ತೂಕ ಅಳತೆ ಇಲಾಖೆಗೆ ಬರೆಯುತ್ತೇನೆ."

"ಕೈಯಲ್ಲೇ ಅಳೀತೀನಿ ಬುಡಿ ಸಾ, ನಿಮ್ಗೇ ಒಳ್ಳೇದು."

"ನನ್ನ ಒಳ್ಳೆಯದನ್ನು ವಿಜ್ಞಾನ ನೋಡಿಕೊಳ್ಳುತ್ತೆ."

"ಆಯ್ತು ಸಾ," ಎಂದು ಅವಳು ಕತ್ತರಿ ಎತ್ತಿಕೊಂಡಳು.

ಮನೆಯಲ್ಲಿ ಪೊಟ್ಟಣ ಬಿಚ್ಚಿದ ಯಶೋದಮ್ಮನ ಮುಖ ನೋಡಿ ಮೇಷ್ಟರ ಕಿವಿ ತಾನಾಗಿಯೇ ಬಣ್ಣ ಕಳೆದುಕೊಂಡಿತು.

"ಯಾಕ್ರೀ ತುಂಡು ಮಾಡಿಸಿದ್ರಿ? ಆಕೆ ಮೊಳ ಐವತ್ತಕ್ಕೂ ಮೇಲೆ. ಕೊಸರು ಅಂತ ಇನ್ನೊಂದು ಗೇಣು ಸುಮ್ನೆ ಬಿಡ್ತಿದ್ಲು. ಒಂದೇ ಸರ ತಂದಿದ್ರೆ ನಾನು ಒಂಬತ್ತು ಮಾಡ್ತಿದ್ದೆ. ಆ ಬಸ್‌ಸ್ಟ್ಯಾಂಡ್ ಹೂವು ಆಗ್ಲೇ ದೇವರಿಗೆ ಏರ್ಸಾಯ್ತು. ಈಗ ಹೂವಿಲ್ಲ ಅಂತ ಯಾರಿಗೆ ಹೇಳ್ಲಿ? ಧನಗೆರೆ ಬೀಗಿತ್ತಿಗೋ, ನಿಮ್ಮ ಅಕ್ಕನಿಗೋ? ಅದನ್ನೂ ಸ್ಕೇಲಿಟ್ಟು ಅಳೆದು ಹೇಳಿ."

ಬೀಗಿತ್ತಿ ಮುನಿದರೆ ಮಗಳಿಗೆ ಕಷ್ಟ. ಅಕ್ಕ ಮುನಿದರೆ ಸ್ವತಃ ಮೇಷ್ಟರಿಗೇ. ಬಂದ ಕಾಲಿನಲ್ಲೇ ಮಾರುಕಟ್ಟೆಗೆ ಓಡಿದರು.

"ಎಲ್ಲ ಮಾರೋಯ್ತಲ್ಲಾ ಸಾ," ಎಂದಳು ಪುಟ್ಟಬಸಮ್ಮ. "ಅಮ್ಮಾರ್ಗೆ ಕೊಸರು ಅಂತ ಎತ್ತಿಟ್ಟಿದ್ ಚೂರು ಐತೆ ಅಷ್ಟೆ. ನಿಮ್ ಸ್ಕೇಲ್ನಲ್ಲಿ ಅದ್ಕೆ ಜಾಗ ಇರ್ನಿಲ್ಲ."

"ಅದನ್ನೇ ಕೊಡು ತಾಯಿ. ಒಂದು ಮೊಳದ ದುಡ್ಡು ತಗೋ."

"ಮೊಳಕ್ಕೆ ಕಮ್ಮಿ ಐತಲ್ಲಾ ಸಾ. ನೀವು ಇಲಾಖೆಗೆ ಬರುದ್ರೆ ನನ್ ಗತಿ ಏನು?"

ಅಕ್ಕಪಕ್ಕದ ಹೂವಿನವರೆಲ್ಲ ಕತ್ತು ಚಾಚಿದರು. ಮೇಷ್ಟರು ಗಂಟಲು ಸರಿಪಡಿಸಿಕೊಂಡರು. "ಯಾರು ಹೇಳಿದ್ದು ಕಮ್ಮಿ ಅಂತ?" ಎನ್ನುತ್ತ ಹೂವಿನ ಒಂದು ತುದಿಯನ್ನು ತಮ್ಮ ಮೊಣಕೈಗೆ ಹಿಡಿದರು. ಇನ್ನೊಂದು ತುದಿ ಅಂಗೈ ದಾಟಲಿಲ್ಲ. ಆಚೀಚೆ ನೋಡಿ ಮೆಲ್ಲಗೆ ಮುಷ್ಟಿ ಬಿಗಿಹಿಡಿದರು.

"ಇಗೋ ನೋಡು. ಸರಿಯಾಗಿ ಒಂದು ಮೊಳ."

ಪುಟ್ಟಬಸಮ್ಮ ಬಗ್ಗಿ ನೋಡಿದಳು.

"ಬೆರಳು ಬುಡ್ಸಿ ಸಾ."