ಹೆಣ್ಣು ನೋಡಲು ಬಂದ ಬಟ್

ಮನುಷ್ಯ ಅಂದಮೇಲೆ ಒಂದಲ್ಲ ಒಂದು ಚಟ ಇದ್ದೇ ಇರುತ್ತದೆ. ಕೆಲವರಿಗೆ ನಸ್ಯ, ಕೆಲವರಿಗೆ ಎಲೆಅಡಿಕೆ, ಇನ್ನು ಕೆಲವರಿಗೆ ಕಂಡವರ ಮನೆಯ ಸುದ್ದಿ. ನನ್ನ ಮಗನಿಗೆ ಇಂಥದ್ದು ಯಾವುದೂ ಅಂಟಲಿಲ್ಲ ಎಂದು ನಮ್ಮವ್ವ ಊರೆಲ್ಲ ಹೇಳಿಕೊಂಡು ಬರುತ್ತಿದ್ದಳು. ಪಾಪ, ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗೆ ಅಂಟಿದ್ದು 'ಬಟ್' ಎಂಬ ಚಟ. ಇಂಗ್ಲಿಷಿನಲ್ಲಿ ಇಷ್ಟೇ ಇಷ್ಟಿರುವ ಪದ ಅದು. ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಮುಗಿದುಹೋಗುತ್ತದೆ. ಆದರೂ ಅದು ಒಮ್ಮೆ ನಾಲಿಗೆ ಹತ್ತಿ ಕೂತರೆ ಇಳಿಯುವುದಿಲ್ಲ ನೋಡಿ, ಬೇರೆ ಚಟಗಳಿಗಾದರೂ ಕಾಸು ಮುಗಿದಾಗ ವಿರಾಮ ಸಿಗುತ್ತದೆ.

ಅದನ್ನು ನನಗೆ ಅಂಟಿಸಿದವರು ಹುಣಸೂರಿನಲ್ಲಿ ನಮ್ಮ ಹೆಡ್‌ಮೇಷ್ಟ್ರು. ನಾನು ಹೊಸದಾಗಿ ಮೇಷ್ಟ್ರಾಗಿ ಸೇರಿದ ಕಾಲ. ಅವರು ಕ್ಲಾಸಿನ ಹಿಂದೆ ಬಂದು ಕೂತು, ಪಾಠ ಕೇಳಿ, ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, "ಪಾಠ ಚೆನ್ನಾಗಿತ್ತು, ಬಟ್..." ಅನ್ನುವರು. ಆಮೇಲೆ ಶುರುವಾಗುವುದು ನನ್ನ ಗ್ರಹಚಾರ. ಬೋರ್ಡಿನ ಮೇಲಿನ ಅಕ್ಷರದಿಂದ ಹಿಡಿದು ನನ್ನ ಪಂಚೆಯ ಕಚ್ಚೆಯವರೆಗೆ ಯಾವುದೂ ಉಳಿಯುತ್ತಿರಲಿಲ್ಲ. ಮೊದಮೊದಲು ನನಗೆ ಅಳು ಬರುತ್ತಿತ್ತು. ಬರಬರುತ್ತಾ ಆ ಪದದ ಮೇಲೆ ಗೌರವ ಹುಟ್ಟಿತು, ಅದರ ಹಿಂದೆಯೇ ಆಸೆ. ನಮ್ಮ ಕನ್ನಡದ 'ಆದರೆ' ಇದೆಯಲ್ಲ, ಅದು ಬಹಳ ಸಂಕೋಚದ ಪದ. ಮನೆಯೊಳಗೆ ಬರುವ ಹಿರಿಯರ ಹಾಗೆ ಒಂದು ಸಲ ಕೆಮ್ಮಿಯೇ ಬರುತ್ತದೆ. 'ಬಟ್' ಹಾಗಲ್ಲ, ನೇರವಾಗಿ ನಡುಮನೆಗೆ ನುಗ್ಗಿ ಕುರ್ಚಿ ಎಳೆದುಕೊಂಡು ಕೂರುತ್ತದೆ. ಅಂದವನು ದೊಡ್ಡವನು, ಅನ್ನಿಸಿಕೊಂಡವನು ಚಿಕ್ಕವನು. ನಾನೂ ದೊಡ್ಡವನಾಗಬೇಕೆಂದು ಕ್ಷೌರದವನಿಗೆ ಬಟ್ ಅಂದೆ, ಅಗಸನಿಗೆ ಬಟ್ ಅಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಹೆಂಡತಿಗೂ ಅಂದೆ.

ನನ್ನ ಹೆಂಡತಿ ದೇವೀರಮ್ಮ ಚುಂಚನಕಟ್ಟೆಗೆ ಒಂದು ಕೂಗಳತೆ ದೂರದ ಹಳ್ಳಿಯವಳು, ಕಾಲುವೆ ನೀರು ಕುಡಿದು ಬೆಳೆದವಳು. ಅವಳ ಕೈಯ ಉಪ್ಸಾರಿಗೆ ಎಣೆಯಿಲ್ಲ. ನಾನು ದಿನವೂ ಸೊರ್ ಎಂದು ಸುರಿದುಕೊಂಡು ಉಂಡು, ಕೈ ತೊಳೆದು, "ಸಾರು ಚೆನ್ನಾಗಿತ್ತು, ಬಟ್..." ಅನ್ನುತ್ತಿದ್ದೆ. ಒಂದು ದಿನ ಉಪ್ಪು ಒಂದು ಕಲ್ಲು ಹೆಚ್ಚು, ಒಂದು ದಿನ ಒಂದು ಕಲ್ಲು ಕಡಿಮೆ. ಅವಳು ಕೆಲವು ಕಾಲ ಸಹಿಸಿಕೊಂಡಳು. ಆಮೇಲೆ ಒಂದು ದಿನ ಸೌಟು ಕೆಳಗಿಟ್ಟು, "ಏನೂಂದ್ರೆ, ಒಗಳಾದಾದ್ರೆ ಒಗಳಿ, ಬಯ್ಯಾದಾದ್ರೆ ಬಯ್ರಿ. ಸೀರೆ ಕೊಟ್ಟು ಸೆರಗು ಕಿತ್ಕಳೋ ಕೆಲ್ಸ ಮಾಡ್ಬ್ಯಾಡಿ" ಅಂದಳು. ಮಾತು ಎಷ್ಟು ಚೆನ್ನಾಗಿತ್ತೆಂದರೆ, "ನೀನು ಹೇಳೋದು ಸರಿ, ಬಟ್..." ಅಂದುಬಿಟ್ಟೆ. ಆ ರಾತ್ರಿ ನನಗೆ ಮಜ್ಜಿಗೆ ಸಿಗಲಿಲ್ಲ.

ಇಷ್ಟು ಪೀಠಿಕೆ ಹಾಕಿದ್ದು ನನ್ನ ನಾದಿನಿ ಚಿಕ್ಕತಾಯಿಯ ಮದುವೆಯ ವಿಚಾರ ಹೇಳಲು. ಚಿಕ್ಕತಾಯಿ ನನ್ನ ಹೆಂಡತಿಯ ತಂಗಿ. ಗದ್ದೆಯಲ್ಲಿ ನಿಂತು ನಕ್ಕರೆ ಕಟ್ಟೆಯ ನೀರಿನ ಸದ್ದನ್ನೂ ಮೀರಿಸುವಂಥ ಹುಡುಗಿ. ನಾನು ಮಾವನ ಮನೆಗೆ ಹೋದಾಗಲೆಲ್ಲ ಕಂಬದ ಮರೆಯಲ್ಲಿ ನಿಂತು ನನ್ನ ಹಾಗೆಯೇ ಹುಬ್ಬು ಏರಿಸಿ "ಬಟ್" ಎಂದು ಅಣಕಿಸಿ ಓಡುವಳು. ಅವಳನ್ನು ನೋಡಲು ಮೊದಲು ಪಿರಿಯಾಪಟ್ಟಣದ ಕಡೆಯವರು ಬಂದರು. "ಹೆಣ್ಣು ಸೆಂದಾಗವ್ಳೆ, ಆದ್ರೆ ಒಸಿ ಎತ್ರ" ಎಂದು ಹೋದರು. ಆಮೇಲೆ ಗುರುಪುರದ ಕಡೆಯವರು ಬಂದರು. "ಲಕ್ಷಣವಾಗವ್ಳೆ, ಆದ್ರೆ ಒಸಿ ಕಪ್ಪು" ಎಂದು ಅವರೂ ಹೋದರು. ಅಲ್ಲಿಗೆ ಚಿಕ್ಕತಾಯಿಯ ನಗು ನಿಂತುಹೋಯಿತು. ಕಂಬದ ಮರೆಗೂ ಬರಲಿಲ್ಲ, ಅಣಕಿಸಲೂ ಇಲ್ಲ. ನನ್ನನ್ನು ಅಣಕಿಸುವವರಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು. ಮಾವನಂತೂ, "ಅಳಿಮಯ್ಯ, ಆದ್ರೆ ಅನ್ನೋ ಮಾತು ಕಿವಿಗೆ ಬಿದ್ರೆ ಎದೆ ಡವ ಡವ ಅಂತದೆ" ಎಂದು ಕಣ್ಣು ಒರೆಸಿಕೊಂಡರು.

ಹೀಗಿರುವಾಗ ಹೆಗ್ಗಡದೇವನಕೋಟೆ ಕಡೆಯಿಂದ, ಅಂತರಸಂತೆಯಲ್ಲಿ ಹೊಲಮನೆ ಇದ್ದ ಒಬ್ಬ ಹುಡುಗನ ಮಾತು ಬಂತು. ತಂದೆ ಇಲ್ಲದ ಹುಡುಗ. ಎಲ್ಲವೂ ಅವನ ಸೋದರಮಾವನ ಕೈಯಲ್ಲಿ. ಆ ಸೋದರಮಾವ ಕಾಡಿನ ಇಲಾಖೆಯಲ್ಲಿ ದಫೇದಾರರಾಗಿದ್ದು ಪೆನ್ಷನ್ ಪಡೆದವರು. ಅವರು ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ. ಇದೂ ತಪ್ಪಿದರೆ ಹುಡುಗಿ ಮೂಲೆ ಸೇರಿಬಿಡುತ್ತಾಳೆ ಎಂದು ಮನೆಯವರಿಗೆಲ್ಲ ಭಯ. ಗಂಡಿನವರು ಬರುವ ದಿನ ಬೆಳಿಗ್ಗೆ ದೇವೀರಮ್ಮ ನನ್ನನ್ನು ತವರುಮನೆಯ ಹಿತ್ತಲಿಗೆ ಕರೆದುಕೊಂಡು ಹೋಗಿ ತನ್ನ ತಲೆಯ ಮೇಲೆ ನನ್ನ ಕೈ ಇರಿಸಿಕೊಂಡಳು. "ಇವತ್ತೊಂದಿನ ಆ ಪದ ನಿಮ್ ಬಾಯಲ್ಲಿ ಬರಕೂಡ್ದು. ನನ್ ಮೇಲಾಣೆ." ನಾನು ಆಣೆ ಮಾಡಿದೆ. ಮಾಡಿ, "ಬಟ್ ಅಕಸ್ಮಾತ್..." ಅನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ.

ನಮ್ಮ ಕಡೆ ಒಂದು ಪದ್ಧತಿ ಇದೆ. ಹೆಣ್ಣು ನೋಡಲು ಬಂದವರು ಬೆಲ್ಲದ ಅವಲಕ್ಕಿ ತಿಂದಾರು, ಬಾಳೆಹಣ್ಣು ತಿಂದಾರು, ಕಾಫಿ ಕುಡಿದಾರು. ಒಪ್ಪಿಗೆಯ ಮಾತಾಗದೆ ಊಟಕ್ಕೆ ಮಾತ್ರ ಕೂರುವುದಿಲ್ಲ. ಕೂತು ಉಂಡರೋ, ಹೆಣ್ಣು ಗೊತ್ತಾದಂತೆಯೇ. ಅದಕ್ಕೇ ಬುದ್ಧಿವಂತರು ಬರುವಾಗಲೇ ಹಿಂದಿರುಗುವ ಮೋಟಾರಿನ ಹೊತ್ತು ಕೇಳಿಕೊಂಡು ಬರುತ್ತಾರೆ. ದಫೇದಾರರೂ ಹಾಗೆಯೇ ಕೇಳಿಕೊಂಡು, ಇಬ್ಬರು ನೆಂಟರ ಜೊತೆ ಹುಡುಗನನ್ನು ಮುಂದೆ ಬಿಟ್ಟುಕೊಂಡು ಬಂದರು. ಖಾಕಿ ಕೋಟು, ಹಿತ್ತಾಳೆ ಗುಂಡಿ, ಹುರಿ ಮಾಡಿದ ಮೀಸೆ. ಬಾಗಿಲಲ್ಲಿ ನಿಂತು ಮೇಲೆ ಕೆಳಗೆ ನೋಡಿ, "ಮನೆ ಚೆನ್ನಾಗದೆ" ಅಂದರು. ಮಾವ ಕೈ ಮುಗಿದರು. ದಫೇದಾರರು ಮೀಸೆ ತೀಡಿ, "ಬಟ್..." ಅಂದರು.

ನನ್ನ ಮೈ ಜುಂ ಎಂದಿತು. ಕಾಡಿನ ಅಂಚಿನಿಂದ ನನ್ನ ಕುಲಬಾಂಧವನೊಬ್ಬ ಎದ್ದುಬಂದಿದ್ದಾನೆ! ಮಾವನ ಮುಖ ಮಾತ್ರ ಬಿಳುಚಿಕೊಂಡಿತು. ನನ್ನ ದೆಸೆಯಿಂದ ಆ ಮನೆಯಲ್ಲಿ ಎಲ್ಲರಿಗೂ ಬಟ್ ಎಂದರೆ ಏನೆಂದು ಗೊತ್ತಿತ್ತು. ಅವರು ಹೆದರಿ ಸೂರು ನೋಡಿದರು. ಸೂರು ನೆಟ್ಟಗೇ ಇತ್ತು. ದಫೇದಾರರು ಕೊಟ್ಟಿಗೆ ನೋಡಿ, "ಎತ್ತು ಚೆನ್ನಾಗವೆ, ಬಟ್..." ಅಂದರು. ಮಾವ ಓಡಿಹೋಗಿ ಎತ್ತಿನ ಕೊಂಬು ಮುಟ್ಟಿ ನೋಡಿ ಬಂದರು. ಕಾಲುವೆ ನೀರಿಗೂ ಬಟ್, ಅವಲಕ್ಕಿಗೂ ಬಟ್. ಬಾಗಿಲ ಸಂದಿಯಿಂದ ದೇವೀರಮ್ಮನ ಕಣ್ಣು ನನ್ನನ್ನೇ ನೋಡುತ್ತಿತ್ತು. ನಾನು ಬಾಯಿಗೆ ಬಾಳೆಹಣ್ಣು ತುರುಕಿಕೊಂಡು ಕೂತಿದ್ದೆ.

ಚಿಕ್ಕತಾಯಿ ಎಲೆಅಡಿಕೆಯ ತಟ್ಟೆ ಹಿಡಿದು ಬಂದು ತಲೆ ಬಗ್ಗಿಸಿ ನಿಂತಳು. "ನಾಟಿ ಆಕಾಕೆ ಬತ್ತದೇನವ್ವ?" ಎಂದರು ದಫೇದಾರರು. "ಬತ್ತದೆ. ನಾಟಿ ಪದಾನೂ ಏಳ್ತೀನಿ" ಅಂದಳು. ಹುಡುಗ ಫಕ್ಕನೆ ನಕ್ಕು, ತನ್ನ ಸೋದರಮಾವನ ಮುಖ ನೋಡಿ, ನಗುವನ್ನು ನುಂಗಿಕೊಂಡ. ದಫೇದಾರರು ಅವಳನ್ನು ನೋಡಿದರು, ಹುಡುಗನನ್ನು ನೋಡಿದರು, ಬೆನ್ನು ನೆಟ್ಟಗೆ ಮಾಡಿದರು. "ಹೆಣ್ಣು ಬಲು ಚೆನ್ನಾಗವ್ಳೆ. ಬಟ್..."

ಎತ್ತರವೋ, ಬಣ್ಣವೋ, ಇನ್ನೇನು ಬರುತ್ತದೋ ಎಂದು ಆ ಹುಡುಗಿ ಕಣ್ಣು ಮುಚ್ಚಿಕೊಂಡದ್ದನ್ನು ಕಂಡಾಗ ನನಗೆ ತಡೆಯಲಾಗಲಿಲ್ಲ. ಆಣೆ, ಗೀಣೆ ಎಲ್ಲ ಹಾಳಾಗಿ ಹೋಗಲಿ ಎಂದುಕೊಂಡು ಎದ್ದುನಿಂತೆ. "ಬಟ್ ಏನು ದಫೇದಾರ್ರೇ? ಮುಂದಕ್ಕೆ ಹೇಳಿ! ಬಟ್ ಅಂದಮೇಲೆ ಒಂದು ಮಾತು ಇರಬೇಕು. ಬೆಳಗಿನಿಂದ ನೋಡ್ತಾ ಇದ್ದೀನಿ, ಬಟ್ ಅಂತೀರಿ, ಬಿಡ್ತೀರಿ!"

ದಫೇದಾರರು ನನ್ನನ್ನು ಬೆರಗಿನಿಂದ ನೋಡಿದರು. "ಮುಂದ್ಕೆ ಏನದೆ ಮೇಷ್ಟ್ರೇ? ಅಷ್ಟೇಯ."

"ಅಷ್ಟೇನಾ?"

"ನಮ್ ಸಾಹೇಬ್ರು ಅಷ್ಟೇ ಅಂತಿದ್ದುದ್ದು. ಕುದ್ರೆ ಮೇಲೆ ಬರೋರು, ನಾವು ಕಡಿಸಿದ್ ಕಾಡುದಾರಿ ನೋಡೋರು, 'ಗುಡ್, ಬಟ್' ಅನ್ನೋರು, ಆಕಾಸ ನೋಡೋರು, ಕುದ್ರೆ ತಿರುಗ್ಸ್ಕಂಡು ಒಂಟೋಗೋರು. ನನ್ ಸರ್ವೀಸ್ ಪೂರ್ತಿ ಅಂಗೇಯ. ದೊಡ್ಡೋರಾದೋರು ಒಗಳುದ್ ಮ್ಯಾಲೆ ಅಂಗೊಂದು ಸಿಕ್ಕುಸ್ಬೇಕು ಅಂತ ನಾನೂ ಕಲ್ತೆ. ಪೇಟ ಸುತ್ತಿ ಕೊನೀಗೆ ತುದಿ ಸಿಕ್ಕುಸಾಕಿಲ್ವಾ, ಅಂಗೆ."

ಮಾವ ಗೋಡೆಗೆ ಒರಗಿ ಕೂತುಬಿಟ್ಟರು. ನನಗಾದರೋ ಆ ಮನುಷ್ಯನ ಮೇಲೆ ಪ್ರೀತಿ ಉಕ್ಕಿತು. ಹೋಗಿ ಅವರ ಪಕ್ಕದಲ್ಲೇ ಚಾಪೆಯ ಮೇಲೆ ಕೂತೆ. ಅವರು ಅವರ ಸಾಹೇಬರ ಬಟ್ ಹೇಳಿದರು, ನಾನು ನಮ್ಮ ಹೆಡ್‌ಮೇಷ್ಟ್ರ ಬಟ್ ಹೇಳಿದೆ. ಬಟ್ ಇಲ್ಲದೆ ಹೊಗಳಿದರೆ ಆಳು ಕೆಟ್ಟುಹೋಗುತ್ತಾನೆ ಎಂದು ಅವರ ವಾದ. ಬರೀ ಬಟ್ ಅಂದು ಬಿಟ್ಟರೆ ಆಳಿನ ನಿದ್ದೆ ಕೆಡುತ್ತದೆ ಎಂದು ನನ್ನ ವಾದ. ಅವರ ವಾದಕ್ಕೆ ನಾನು ಬಟ್ ಅಂದೆ, ನನ್ನ ವಾದಕ್ಕೆ ಅವರು ಬಟ್ ಅಂದರು. ಮಾತಿನ ಮಧ್ಯೆ ಅವರ ಕಾಡಿನ ಒಂದು ಸಲಗ ಬಂತು, ನಮ್ಮ ಸ್ಕೂಲಿನ ಒಬ್ಬ ಇನ್‌ಸ್ಪೆಕ್ಟರು ಬಂದರು, ಎರಡು ಸಲ ಎಲೆಅಡಿಕೆ ಬಂತು. ಜನ್ಮದಲ್ಲಿ ನನ್ನ ಬಟ್ಟಿಗೆ ಇಷ್ಟು ಸುಖ ಸಿಕ್ಕಿರಲಿಲ್ಲ.

ಈ ಗದ್ದಲದಲ್ಲಿ ದೂರದ ರಸ್ತೆಯಲ್ಲಿ ಮೋಟಾರಿನ ಹಾರನ್ ಕೇಳಿಸಿದ್ದು ಒಬ್ಬರಿಗೇ. ಅವರು ನಮ್ಮ ಮಾವನ ತಾಯಿ, ಹಣ್ಣುಹಣ್ಣು ಮುದುಕಿ. ನಮ್ಮ ಮಾತಂತೂ ಅಜ್ಜಿಯ ಕಿವಿಗೆ ಬೀಳುತ್ತಿರಲಿಲ್ಲ. ಹಾರನ್ ಬಿತ್ತು. ಅಜ್ಜಿ ಯಾರಿಗೂ ಏನೂ ಹೇಳದೆ ಎದ್ದು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿ ಒಂದು ಕೋಳಿ ಕೂಗಿ ಸುಮ್ಮನಾಯಿತು.

"ಅಯ್ಯಯ್ಯೋ, ಮೋಟ್ರು!" ಎಂದು ದಫೇದಾರರು ಹೌಹಾರಿ ಎದ್ದಾಗ ಮೋಟಾರು ಕೃಷ್ಣರಾಜನಗರ ಸೇರಿರಬೇಕು. ಇನ್ನು ನಾಳೆಯೇ. ದೀಪ ಹಚ್ಚುವ ಹೊತ್ತಾಯಿತು. ಒಳಗಿನಿಂದ ಕೋಳಿ ಸಾರಿನ ವಾಸನೆ ಬರತೊಡಗಿತು. ದಫೇದಾರರು ಕಂಬ ಹಿಡಿದು ಕೂತರು. "ಮಾತಾಗ್ದೆ ನಾವು ಉಣ್ಣೋ ಅಂಗಿಲ್ಲ ಕಣವ್ವ. ಇರೀಕರಿಂದ ನಡ್ಕಂಡ್ ಬಂದದೆ" ಅಂದರು. ಅಜ್ಜಿ ಕಿವಿಯ ಹಿಂದೆ ಕೈಯಿಟ್ಟು ಕೇಳಿ, "ಉಣ್ಬ್ಯಾಡಿ ಕಣಪ್ಪ. ಬಲ್ವಂತ ಮಾಡಕಾದದಾ?" ಎಂದು, ಮಾವನನ್ನೂ ನನ್ನನ್ನೂ ಸರಿಯಾಗಿ ಅವರ ಎದುರಿಗೇ ಕೂರಿಸಿ, ಬಿಸಿ ಮುದ್ದೆ ಇಟ್ಟು ಸಾರು ಬಿಟ್ಟರು.

ನಾನು ಮುದ್ದೆ ಮುರಿದೆ. ನೆಂಟರಿಬ್ಬರು ಗೋಡೆಯ ಕಡೆ ತಿರುಗಿದರು. ಬೆಳಗಿನಿಂದ ಒಂದು ಮಾತೂ ಆಡದ ಹುಡುಗ ಆಗ ಬಾಯಿ ಬಿಟ್ಟ. "ಮಾವ, ನಂಗೆ ಒಟ್ಟೆ ಅಸೀತದೆ."

"ಸುಮ್ಕಿರ್ಲಾ. ಉಣ್ಣೋ ಅಂಗಿಲ್ಲ ಅಂತ ಏಳ್ಲಿಲ್ವಾ? ಬಟ್..."

ಅಭ್ಯಾಸ ಬಲದಿಂದ ಬಂದದ್ದು ಅದು. ಬಂದು ನಿಂತಿತು. ದಫೇದಾರರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಬಟ್ ಅಂದಮೇಲೆ ಮುಂದೊಂದು ಮಾತು ಇರಬೇಕು ಎಂದು ಮಧ್ಯಾಹ್ನವೆಲ್ಲ ವಾದಿಸಿದ ನಾನು, ಮುದ್ದೆಯ ತುತ್ತು ಕೈಯಲ್ಲೇ ಹಿಡಿದು ಕಾದೆ. ಅವರ ಮೀಸೆ ಅಲ್ಲಾಡಿತು. "ಬಟ್," ಎಂದು ಎರಡನೆಯ ಸಲ ಗಟ್ಟಿಯಾಗಿ ಹೇಳಿ, "ಹೆಣ್ಣು ಒಪ್ಗೆ ಅಂದ್ರೆ ಉಣ್ಬೌದು. ನಮ್ಗೆ ಒಪ್ಗೆ. ಎಲೆ ಹಾಕ್ರವ್ವ!" ಅಂದರು.

ಮಾವ ಎಂಜಲು ಕೈಯಲ್ಲೇ ಅತ್ತರು, ನಕ್ಕರು. ಎಲೆಗಳು ಬಿದ್ದವು. ಎಲ್ಲರೂ ಕೂತ ಮೇಲೆ ಅಜ್ಜಿ ಮಾಡಿದ ಕೆಲಸ ಆ ಕಾಲಕ್ಕೆ ಯಾರೂ ಮಾಡುತ್ತಿರಲಿಲ್ಲ. ಅಡುಗೆಮನೆ ಬಾಗಿಲಿಗೆ ತಿರುಗಿ, "ಲೇ ಚಿಕ್ಕತಾಯಿ, ಅವ್ರು ಒಪ್ಪುದ್ರು. ನಿಂಗೊಪ್ಗೆಯೇನೇ ಮಗ?" ಎಂದು ಕೇಳಿದರು.

ಬಾಗಿಲ ಹಿಂದಿನಿಂದ ಸಣ್ಣ ದನಿ ಬಂತು. "ಒಪ್ಗೆ ಕಣಜ್ಜಿ. ಬಟ್..."

ದಫೇದಾರರ ತುತ್ತು ಬಾಯಿಯ ಹತ್ತಿರವೇ ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸೂರು ನೋಡಿದೆ.

"ಬಟ್ ಏನೇ?" ಎಂದರು ಅಜ್ಜಿ. ಅದು ಮಾತ್ರ ಅವರಿಗೆ ಹೇಗೆ ಕೇಳಿಸಿತೋ.

"ಬಟ್, ನಮ್ ಬಾವ್ನಂಗೆ ಉಂಡೆದ್ದ ಮ್ಯಾಲೆ ಸಾರಿಗೆ ಬಟ್ ಅನ್ಬಾರ್ದು."

"ಅನ್ನಾಕಿಲ್ಲ" ಎಂದ ಹುಡುಗ, ಎಲೆಯಿಂದ ತಲೆ ಎತ್ತದೆ. "ನಂಗೆ ಇಂಗ್ಲೀಸ್ ಬರಾಕಿಲ್ಲ." ಆಗ ಬಾಗಿಲ ಹಿಂದೆ ಚಿಕ್ಕತಾಯಿ ನಕ್ಕಳು ನೋಡಿ, ಕಟ್ಟೆಯ ನೀರಿನ ಸದ್ದು ಎಲ್ಲೋ ಹೋಯಿತು.

ಮದುವೆ ಆಯಿತು. ದಫೇದಾರರು ಈಗ ಹುಣಸೂರಿಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತಾರೆ. ಆದರೆ ಅಂದು ಅಷ್ಟು ಜನರ ಮುಂದೆ ಆದ ನಾಚಿಕೆಗೆ ನಾನು ಒಂದು ತೀರ್ಮಾನ ಮಾಡಿಬಿಟ್ಟಿದ್ದೆ. ಊರಿಗೆ ಹಿಂದಿರುಗಿದ ದಿನ ಉಪ್ಸಾರು ಉಂಡು, ಕೈ ತೊಳೆದು, "ಸಾರು ಚೆನ್ನಾಗಿತ್ತು" ಅಂದೆ. ಅಲ್ಲಿಗೇ ನಿಲ್ಲಿಸಿದೆ. ದೇವೀರಮ್ಮ ಸೌಟು ಹಿಡಿದು ಕಾದಳು. ನಾನು ತುಟಿ ಬಿಗಿಹಿಡಿದು ಕೂತೆ. ಅವಳು ಇನ್ನೂ ಸ್ವಲ್ಪ ಹೊತ್ತು ಕಾದು, ಸೌಟು ಕೆಳಗಿಟ್ಟು, ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

"ಏನೂಂದ್ರೆ, ಜ್ವರ ಗಿರ ಬಂದದಾ?"